ಹಾಲು ಒಲೆ ಮೇಲಿದ್ದರೆ ಒಂದೇ ಬಾಯ್ಲರ್ ಸಾಕು

ಸ್ಟ್ರಿಂಜರ್ ಅಂದರೆ ಊರವರ ಲೆಕ್ಕದಲ್ಲಿ ಎಲ್ಲಾ ಗೊತ್ತಿರುವವನು. ಪಹಣಿ ತಿದ್ದುಪಡಿ ಎಲ್ಲಿ ಮಾಡಿಸಬೇಕು, ಆನೆ ಯಾರ ತೋಟಕ್ಕೆ ಇಳಿದಿದೆ, ಸುಟ್ಟ ಟ್ರಾನ್ಸ್‌ಫಾರ್ಮರ್ ಯಾವಾಗ ಬದಲಾಗುತ್ತೆ, ಎಲ್ಲಕ್ಕೂ ನನಗೇ ಫೋನ್. ಹೋದ ತಿಂಗಳು ಸಕಲೇಶಪುರದ ಕಡೆಯ ಪರಿಚಯದ ಬೆಳೆಗಾರರೊಬ್ಬರು ಒಂದು ವಿಡಿಯೊ ಕಳಿಸಿ ಕೇಳಿದರು: “ಮಗಳು ಬೆಂಗಳೂರಿಂದ ಎಸ್‌ಪ್ರೆಸೊ ಮಷೀನು ಕಳಿಸ್ತೀನಿ ಅಂತಾಳೆ. ಒಂದು ಬಾಯ್ಲರ್‌ದು ಸಾಕಾ, ಎರಡು ಬಾಯ್ಲರ್‌ದೇ ಬೇಕಾ?”

ನಾಲ್ಕು ಎಕರೆ ತೋಟ, ಮನೆಯಲ್ಲಿ ಐದು ಜನ, ಐವರೂ ಹಾಲು ಹಾಕಿಯೇ ಕುಡಿಯುವವರು. ವಿಡಿಯೊದಲ್ಲಿದ್ದ ಹುಡುಗ ಖಂಡಿತವಾಗಿ ಹೇಳಿಬಿಟ್ಟಿದ್ದ: ಹಾಲಿನ ಕಾಫಿ ಕುಡಿಯುವ ಮನೆಗೆ ಒಂದು ಬಾಯ್ಲರ್ ಮಷೀನು ಬೇಡವೇ ಬೇಡ. ಒಂದು ಬಾಯ್ಲರ್‌ನ ಒಳ್ಳೆ ಮಷೀನು ಅರ್ಧ ಲಕ್ಷದ ಆಸುಪಾಸಿನಲ್ಲಿ ಶುರುವಾಗುತ್ತದೆ. ಎರಡು ಬಾಯ್ಲರ್‌ನದು ಲಕ್ಷ ದಾಟಿ ಎಲ್ಲೋ ಹೋಗುತ್ತದೆ. ಆ ವ್ಯತ್ಯಾಸದ ದುಡ್ಡಿದ್ದರೆ ಅವರ ತೋಟದಲ್ಲಿ ಹಣ್ಣು ಕುಯ್ಯುವವರ ಕೂಲಿ ಎಷ್ಟೋ ದಿನ ನಡೆಯುತ್ತದೆ.

ನನ್ನ ಪ್ರಕಾರ ನಮ್ಮ ಮನೆಗಳ ಮಟ್ಟಿಗೆ ಆ ಸಲಹೆ ತಲೆಕೆಳಗು. ಯಾಕೆ ಅಂತ ಹೇಳುತ್ತೇನೆ.

ಎಸ್‌ಪ್ರೆಸೊ ಅಂದರೆ ಮಂತ್ರ ಏನಲ್ಲ. ನುಣ್ಣಗೆ ಬೀಸಿದ ಪುಡಿಯನ್ನು ಹಿಡಿಕೆಯ ಬಟ್ಟಲಿಗೆ ಒತ್ತಿ ತುಂಬಿ, 90ರಿಂದ 95 ಡಿಗ್ರಿ ಬಿಸಿಯ ನೀರನ್ನು 9 ಬಾರ್ ಒತ್ತಡದಲ್ಲಿ ಅದರೊಳಗೆ ನುಗ್ಗಿಸುವುದು. 18 ಗ್ರಾಂ ಪುಡಿಗೆ ಸುಮಾರು 36 ಗ್ರಾಂ ಕಾಫಿ, 25-30 ಸೆಕೆಂಡಿನಲ್ಲಿ. ನಮ್ಮ ಫಿಲ್ಟರ್ ಅರ್ಧ ಗಂಟೆ ತೊಟ್ಟಿಕ್ಕಿಸಿ ಮಾಡುವ ಕೆಲಸವನ್ನು ಪಂಪು ಅರ್ಧ ನಿಮಿಷದಲ್ಲಿ ಮಾಡುತ್ತದೆ.

ತೊಡಕು ಇರುವುದು ಹಾಲಿನಲ್ಲಿ. ಮಷೀನಿನಿಂದಲೇ ಹಾಲು ನೊರೆ ಬರಿಸಲು ಹಬೆ ಬೇಕು, ಹಬೆಗೆ ಬಾಯ್ಲರ್ 130 ಡಿಗ್ರಿ ಸುತ್ತಮುತ್ತ ಕಾಯಬೇಕು. ಬಾಯ್ಲರ್ ಒಂದೇ ಇದ್ದರೆ ಎರಡೂ ಒಟ್ಟಿಗೆ ಆಗುವುದಿಲ್ಲ. ಕಾಫಿ ಇಳಿಸಬೇಕು, ಹಬೆಯ ಸ್ವಿಚ್ ಒತ್ತಿ ಕಾಯಬೇಕು, ಹಾಲು ಬಿಸಿ ಮಾಡಬೇಕು, ಮತ್ತೆ ಮುಂದಿನ ಲೋಟಕ್ಕೆ ಮೊದಲು ನೀರು ಹರಿಸಿ ಬಾಯ್ಲರನ್ನು ತಣಿಸಬೇಕು. ತಣಿಸದೆ ಇಳಿಸಿದಿರೋ, ಕಾಫಿ ಸೀದು ಕಹಿ. ಐದು ಜನಕ್ಕೆ ಐದು ಸಲ ಹೀಗೆ ಮಾಡುವಷ್ಟರಲ್ಲಿ ಮೊದಲನೆಯವರು ಹಾಲು ಡೈರಿಗೆ ಹಾಕಿ ವಾಪಸ್ ಬಂದಿರುತ್ತಾರೆ.

ಇಷ್ಟರವರೆಗೆ ವಿಡಿಯೊದ ಹುಡುಗ ಹೇಳಿದ್ದು ಸರಿಯೇ. ಆದರೆ ಅವನ ಅಡುಗೆಮನೆಯಲ್ಲಿ ಹಾಲು ಫ್ರಿಜ್ಜಿನಲ್ಲಿ ಇರುತ್ತದೆ. ನಮ್ಮಲ್ಲಿ ಬೆಳಿಗ್ಗೆ ಆರಕ್ಕೇ ಒಲೆ ಮೇಲೆ ಉಕ್ಕುತ್ತಿರುತ್ತದೆ. ಆ ಬಿಸಿ ಹಾಲಿಗೆ ಮತ್ತೆ ಹಬೆ ಯಾಕೆ? ಮಷೀನಿನಿಂದ ಬರೀ ಕಾಫಿ ಇಳಿಸಿಕೊಳ್ಳಿ, ಹಾಲು ಒಲೆಯಿಂದ ಹೊಯ್ಯಿರಿ. ಎತ್ತಿ ಹೊಯ್ದರೆ ನೊರೆಯೂ ಬರುತ್ತದೆ, ಅದನ್ನು ಇಟಲಿಯವರು ನಮಗೆ ಹೇಳಿಕೊಡಬೇಕಾಗಿಲ್ಲ. ನಾನು ಒಂದೂವರೆ ವರ್ಷದಿಂದ ಹೀಗೇ ಮಾಡುತ್ತಿದ್ದೇನೆ. ಒಂದು ಲೋಟಕ್ಕೂ ಇನ್ನೊಂದಕ್ಕೂ ನಡುವೆ ಬಾಯ್ಲರ್ ಮತ್ತೆ ಕಾಯಲು ಸ್ವಲ್ಪ ಹೊತ್ತು ಕೊಟ್ಟರಾಯಿತು. ಅಷ್ಟರಲ್ಲಿ ಬಟ್ಟಲು ಕೊಡವಿ ಮತ್ತೆ ಪುಡಿ ತುಂಬಿಕೊಳ್ಳಬಹುದು.

ಹಾಲಿನ ಮೇಲೆ ಎಲೆ, ಹೃದಯದ ಚಿತ್ರ ಬಿಡಿಸಲೇಬೇಕು ಅನ್ನುವವರಿಗೆ ನನ್ನ ಮಾತು ಅನ್ವಯಿಸುವುದಿಲ್ಲ. ಹೋಂಸ್ಟೇಗೆ ಅಂತ ತೆಗೆದುಕೊಳ್ಳುವವರಿಗೂ ಇಲ್ಲ. ಭಾನುವಾರ ಬೆಳಿಗ್ಗೆ ಹನ್ನೆರಡು ಜನ ಒಟ್ಟಿಗೆ ಕ್ಯಾಪುಚಿನೊ ಕೇಳಿದರೆ ಈ ಮಷೀನು ನಿಮ್ಮ ಮರ್ಯಾದೆ ತೆಗೆಯುತ್ತದೆ.

ಹಾಗಾದರೆ ಉಳಿದ ದುಡ್ಡು ಎಲ್ಲಿ ಹಾಕಬೇಕು? ಗ್ರೈಂಡರಿಗೆ. ಇದನ್ನು ನಾನು ದುಡ್ಡು ಕಳೆದುಕೊಂಡೇ ಕಲಿತದ್ದು. ಮೊದಲು ಆನ್‌ಲೈನಿನಲ್ಲಿ “15 ಬಾರ್” ಅಂತ ದೊಡ್ಡದಾಗಿ ಬರೆದಿದ್ದ ಅಗ್ಗದ ಮಷೀನೊಂದು ತರಿಸಿದ್ದೆ. ಪುಡಿ ಬೀಸಲು ಮನೆಯ ಮಿಕ್ಸಿ. ಮಿಕ್ಸಿಯಲ್ಲಿ ಅರ್ಧ ಹಿಟ್ಟು, ಅರ್ಧ ರವೆ. ನೀರು ರವೆ ಇದ್ದ ಕಡೆ ದಾರಿ ಮಾಡಿಕೊಂಡು ಓಡುತ್ತದೆ, ಕಾಫಿ ಒಂದೇ ಗುಟುಕಿನಲ್ಲಿ ಹುಳಿಯೂ ಹೌದು, ಕಹಿಯೂ ಹೌದು. ಮೇಲೆ ಮಾತ್ರ ದಪ್ಪ ನೊರೆ. ಆ ನೊರೆ ಕಾಫಿಯದಲ್ಲ, ಬಟ್ಟಲಿನ ತಳದಲ್ಲಿರುವ ಒಂದೇ ಸೂಜಿ ತೂತಿನ ಕರಾಮತ್ತು ಅಂತ ಆಮೇಲೆ ಗೊತ್ತಾಯಿತು. ಹದಿನಾಲ್ಕನೇ ತಿಂಗಳಿಗೆ ಅದು ಸತ್ತಿತು, ಗ್ಯಾರಂಟಿ ಹನ್ನೆರಡಕ್ಕೇ ಮುಗಿದಿತ್ತು. ಬಿಡಿಭಾಗ ಬರುವುದಿಲ್ಲ ಸಾರ್ ಅಂದರು. ಎಷ್ಟು ಸುದ್ದಿ ಬರೆದರೆ ಆ ದುಡ್ಡು ಆಗುತ್ತದೆ ಅಂತ ಲೆಕ್ಕ ಹಾಕಲು ಹೋಗಲಿಲ್ಲ.

ಕೈಯಲ್ಲಿ ತಿರುಗಿಸುವ, ಉಕ್ಕಿನ ಹಲ್ಲಿನ ಒಳ್ಳೆ ಗ್ರೈಂಡರ್ ಹತ್ತು ಸಾವಿರದ ಆಸುಪಾಸಿಗೆ ಸಿಗುತ್ತದೆ. ಕರೆಂಟೂ ಬೇಡ. ಅದು ಮೊದಲು, ಮಷೀನು ಆಮೇಲೆ. ಅಂಗಡಿಯ ಫಿಲ್ಟರ್ ಪುಡಿ, ಅದರಲ್ಲೂ ಚಿಕೋರಿ ಬೆರೆತದ್ದು, ಇದಕ್ಕೆ ಹೊಂದುವುದಿಲ್ಲ.

ಇನ್ನು ಮಷೀನು. ಮನೆಯ ಒಂದು ಬಾಯ್ಲರ್ ಮಷೀನುಗಳಲ್ಲಿ ಹಳೆಯ ಹೆಸರು ಎರಡು: 1991ರಲ್ಲಿ ಬಂದ ಗಾಜಿಯಾ ಕ್ಲಾಸಿಕ್, 1997ರ ರಾಂಚಿಲಿಯೊ ಸಿಲ್ವಿಯಾ. ಎರಡೂ ಇಟಲಿಯವು. ಹಳೆಯ ಗಾಜಿಯಾದ ಬಾಯ್ಲರ್ ಅಲ್ಯೂಮಿನಿಯಂ, ಗಾತ್ರದಲ್ಲಿ ಒಂದು ಚಿಕ್ಕ ಲೋಟದಷ್ಟು. ಬೇಗ ಕಾಯುತ್ತದೆ, ಆದರೆ ಬಿಸಿ ಏರಿಳಿಯುವುದೂ ಬೇಗ. ಸಿಲ್ವಿಯಾದ್ದು ಹಿತ್ತಾಳೆ, ಸುಮಾರು 300 ಮಿಲಿ. ಕಾಯಲು ನಿಧಾನ, ಕಾದ ಮೇಲೆ ಗಟ್ಟಿ ನಿಲ್ಲುತ್ತದೆ. ರುಚಿಯ ಮಾತಿಗಿಂತ ನನಗೆ ಮುಖ್ಯವಾದದ್ದು ಬೇರೆ. ಇವುಗಳ ಒಳಗೆ ಇರುವುದು ಬಾಯ್ಲರ್, ಪಂಪು, ಥರ್ಮೋಸ್ಟಾಟ್, ನಾಲ್ಕು ಸ್ವಿಚ್ಚು. ಸ್ಕ್ರೂ ಬಿಚ್ಚಿದರೆ ಎಲ್ಲಾ ಕಣ್ಣಿಗೆ ಕಾಣುತ್ತದೆ. ಬೆಂಗಳೂರು ಬಿಟ್ಟು ಹೋಗುತ್ತಿದ್ದವರಿಂದ ನಾನು ಕೊಂಡ ಸೆಕೆಂಡ್ ಹ್ಯಾಂಡ್ ಮಷೀನಿನ ರಬ್ಬರ್ ರಿಂಗು ಹೋದಾಗ, ನಮ್ಮೂರಿನಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವವರೇ ಹೊಸದು ಕೂರಿಸಿಕೊಟ್ಟರು. ಟಚ್ ಸ್ಕ್ರೀನ್ ಇರುವ ಮಷೀನಿಗೆ ಅವರು ಕೈ ಹಾಕುತ್ತಿದ್ದರಾ?

ಪೇಟೆಯವರು ಮಾತೇ ಆಡದ ಇನ್ನೆರಡು ವಿಷಯ ಇವೆ. ಒಂದು ವೋಲ್ಟೇಜ್. ಬಾಯ್ಲರ್ ಕಾಯಿಸುವ ಕಾಯಿಲ್ 230 ವೋಲ್ಟ್ ಲೆಕ್ಕದಲ್ಲಿ 1300 ವ್ಯಾಟ್ ಅಂತಿಟ್ಟುಕೊಳ್ಳಿ. ಸಂಜೆ ನಿಮ್ಮ ಲೈನಿನಲ್ಲಿ 180 ಬಂದರೆ ಅದು ಸುಮಾರು 800 ವ್ಯಾಟ್ ಆಗುತ್ತದೆ. ವೋಲ್ಟೇಜ್ ಐದನೇ ಒಂದರಷ್ಟು ಇಳಿದರೆ ಬಿಸಿ ಹೆಚ್ಚುಕಡಿಮೆ ಐದರಲ್ಲಿ ಎರಡು ಪಾಲು ಇಳಿಯುತ್ತದೆ, ಪಂಪೂ ಸೊರಗುತ್ತದೆ. ಎರಡು ಬಾಯ್ಲರ್‌ನದು ಇನ್ನೂ ಹೆಚ್ಚು ಕರೆಂಟು ಬೇಡುತ್ತದೆ, ನಮ್ಮ ಕಡೆಯ ಲೈನು ತಡೆಯುವುದಿಲ್ಲ. ಮನೆಯ ಸಾಮಾನ್ಯ ಇನ್ವರ್ಟರ್ ಮೇಲಂತೂ ಯಾವುದೂ ನಡೆಯುವುದಿಲ್ಲ.

ಇನ್ನೊಂದು ನೀರು. ಮಲೆನಾಡಿನ ಝರಿ ನೀರು, ಬಾವಿ ನೀರು ಸಾಮಾನ್ಯವಾಗಿ ಮೆದು. ಅರಸೀಕೆರೆ ಕಡೆ ಬೋರ್‌ವೆಲ್ ನೀರು ಕುಡಿಯುವವರು ಒಮ್ಮೆ ನೀರು ಕಾಯಿಸುವ ಪಾತ್ರೆಯ ತಳ ನೋಡಿ. ಅಲ್ಲಿ ಕಟ್ಟಿರುವ ಬಿಳಿ ಪದರವೇ ಬಾಯ್ಲರಿನೊಳಗೂ ಕಟ್ಟುತ್ತದೆ, ಅಲ್ಲಿಗೆ ಕೈ ಹೋಗುವುದಿಲ್ಲ. ಕಾಲಕಾಲಕ್ಕೆ ಪದರ ಕರಗಿಸುವ ಪುಡಿ ಹಾಕಿ ತೊಳೆಯಬೇಕು. ಅಲ್ಯೂಮಿನಿಯಂ ಬಾಯ್ಲರ್ ಆದರೆ ಅದಕ್ಕೆ ಹೊಂದುವ ಪುಡಿಯೇ ಆಗಬೇಕು.

“ಇಷ್ಟೆಲ್ಲಾ ರಗಳೆ ಯಾಕೆ, ಫಿಲ್ಟರ್ ಇಲ್ಲವಾ?” ಅಂತ ನನ್ನ ಹೆಂಡತಿ ಕೇಳಿದ್ದಾಳೆ. ನ್ಯಾಯವಾದ ಪ್ರಶ್ನೆ, ಅವಳು ಇವತ್ತಿಗೂ ಫಿಲ್ಟರ್ ಕಾಫಿಯನ್ನೇ ಕುಡಿಯುತ್ತಾಳೆ. ಆದರೆ ಭಾರತದ ಕಾಫಿ ಕೊಳ್ಳುವ ದೇಶಗಳಲ್ಲಿ ಇಟಲಿ ಮುಂಚೂಣಿಯಲ್ಲಿದೆ. ನಮ್ಮ ರೊಬಸ್ಟಾ ಅಲ್ಲಿ ಎಸ್‌ಪ್ರೆಸೊ ಮಿಶ್ರಣಕ್ಕೆ ಸೇರುತ್ತದೆ, ಮೇಲಿನ ಆ ಕಂದು ನೊರೆ ದಪ್ಪಗೆ ನಿಲ್ಲುವುದರಲ್ಲಿ ಅದರ ಪಾಲು ದೊಡ್ಡದು. ಬೆಳೆದವರು ಮಾತ್ರ ಅದನ್ನು ಆ ರೂಪದಲ್ಲಿ ಬಾಯಿಗೆ ಹಾಕಿಲ್ಲ. ಒಳ್ಳೇದನ್ನು ಮೂಟೆ ಕಟ್ಟಿ ಕಳಿಸಿ ಉಳಿದದ್ದನ್ನು ಮನೆಗೆ ಇಟ್ಟುಕೊಳ್ಳುವುದು ನಮ್ಮ ಕಡೆ ರೂಢಿ. ಅವರ ಮನೆಯಲ್ಲಿ ಬೀಜ ಹುರಿಯುವ ಹಳೆಯ ಉರುಳೆ ಡಬ್ಬಿ ಅಟ್ಟದ ಮೇಲೆ ಇನ್ನೂ ಇದೆ. ಹುರಿದು ಒಂದು ವಾರ ಬಿಟ್ಟು ಇಳಿಸಿದರೆ ಸಾಕು.

ಇದನ್ನೆಲ್ಲಾ ಫೋನಿನಲ್ಲಿ ಹೇಳಿ, ಕೊನೆಗೆ ಸಂಜೆ ಏಳಕ್ಕೆ ಮನೆಯ ವೋಲ್ಟೇಜ್ ಎಷ್ಟಿದೆ ನೋಡಿ ಅಂದೆ. ಎಲೆಕ್ಟ್ರಿಷಿಯನ್ ಹತ್ತಿರ ಮೀಟರ್ ಇಸಿದುಕೊಂಡು ಮೂರು ದಿನ ನೋಡಿದ್ದಾರೆ. 178, 182, 175. ಮಗಳಿಗೆ ಸದ್ಯಕ್ಕೆ ಗ್ರೈಂಡರ್ ಮಾತ್ರ ಕಳಿಸು ಅಂದಿದ್ದಾರಂತೆ. ಟ್ರಾನ್ಸ್‌ಫಾರ್ಮರ್ ಬಗ್ಗೆ ಒಂದು ಸುದ್ದಿ ಬರೀರಿ ಅಂತ ನನಗೂ ಹೇಳಿದ್ದಾರೆ. ಬರೆದು ಕಳಿಸಿದ್ದೇನೆ.