ವೈರಿಗೆ ದಾರಿ ತೋರದ ರೇಡಿಯೊ

ರೇಡಿಯೊ ಕೇಂದ್ರ ಹಾಡು, ವಾರ್ತೆಗಳ ಜೊತೆಗೆ ತಾನೆಲ್ಲಿದ್ದೇನೆ ಎಂಬುದನ್ನೂ ಸಾರುತ್ತದೆ. ದಿಕ್ಕು ಗುರುತಿಸುವ ಆಂಟೆನಾ ಇರುವ ವಿಮಾನಕ್ಕೆ ಅದೇ ದಾರಿದೀಪ. 1939ರ ಸೆಪ್ಟೆಂಬರಿನಲ್ಲಿ ಯುದ್ಧ ಶುರುವಾದಾಗ ಬ್ರಿಟನ್ನಿನ ಬಿಬಿಸಿಯನ್ನು ಕಾಡಿದ ಚಿಂತೆ ಇದೇ. ಪ್ರಸಾರ ನಿಲ್ಲಿಸಿದರೆ ಜನರಿಗೆ ಸುದ್ದಿಯಿಲ್ಲ. ನಡೆಸಿದರೆ ಬಾಂಬರುಗಳಿಗೆ ದಾರಿ!

ದೂರದೂರದ ಹಲವು ಪ್ರೇಷಕಗಳಿಂದ ಒಂದೇ ಕಾರ್ಯಕ್ರಮವನ್ನು ಒಂದೇ ಕಂಪನಾಂಕದಲ್ಲಿ ಬಿತ್ತರಿಸಿದರು. ಅಲೆಗಳು ಬೆರೆತು ದಿಕ್ಕು ತಿಳಿಯದಾಯಿತು. ವಿಮಾನ ಹತ್ತಿರವಾದರೆ ಅಲ್ಲಿನ ಪ್ರೇಷಕ ಮೌನ. ದೂರದವುಗಳ ದನಿ ಕ್ಷೀಣವಾಗಿಯಾದರೂ ಕೇಳುತ್ತಿತ್ತು.

ಇದು ಸುಲಭವೇ? ಒಂದು ಗುಂಪಿನ ಕಂಪನಾಂಕ 767 ಕಿಲೊಹರ್ಟ್ಸ್. ಅಂದರೆ ಸೆಕೆಂಡಿಗೆ 7,67,000 ಕಂಪನ. ಇದರಲ್ಲಿ ಒಂದೇ ಒಂದು ವ್ಯತ್ಯಾಸವಾದರೂ, ಎರಡು ಕೇಂದ್ರಗಳು ಸಮಬಲವಾಗಿ ಸಿಗುವ ಊರಿನಲ್ಲಿ ದನಿ ಸೆಕೆಂಡಿಗೊಮ್ಮೆ ಏರಿಳಿಯುತ್ತದೆ. ಶ್ರುತಿ ಸ್ವಲ್ಪವೇ ತಪ್ಪಿದ ತಂಬೂರಿಯ ಎರಡು ತಂತಿಗಳನ್ನು ಒಟ್ಟಿಗೆ ಮೀಟಿ ನೋಡಿ, ಅಂಥದೇ ಏರಿಳಿತ ಕೇಳಿಸೀತು.