ಹಳೆಯ ಕೋವಿಗೆ ಹೊಸ ಮುಖವೇಕೆ?

ಬ್ರಿಟನ್ನಿನ ಹರಾಜುಕಟ್ಟೆಗಳಿಗೆ ಶತಮಾನ ದಾಟಿದ ಬೇಟೆಕೋವಿಗಳು ಇಂದಿಗೂ ಬರುತ್ತಿವೆ. ಅವನ್ನು ಕೊಂಡು ತಂದು, ಗ್ಯಾರೇಜಿನ ಮೂಲೆಯಲ್ಲಿ ವಾರಾಂತ್ಯಗಳನ್ನು ಕಳೆದು, ದುರಸ್ತಿ ಮಾಡುವ ಹವ್ಯಾಸಿಗಳಲ್ಲಿ ನಮ್ಮ ಬಳಗದ ಕೆಲವರೂ ಇದ್ದೇವೆ. ಹವ್ಯಾಸವನ್ನು ನಾವು ಹಳಿಯುವುದಿಲ್ಲ. ಆದರೆ ಅದರ ಹೆಸರಿನಲ್ಲಿ ನಡೆಯುವ ಒಂದು ವಿನಾಶದ ಬಗ್ಗೆ ಸುಮ್ಮನಿರಲಾರೆವು. ‘ಕೊಂಡಾಗ ಹೀಗಿತ್ತು, ಈಗ ಹೀಗಿದೆ’ ಎಂದು ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸುವವರನ್ನು ನಾವು ಕೇಳಬೇಕಾದ ಪ್ರಶ್ನೆ ಒಂದೇ: ಮೊದಲನೆಯ ಚಿತ್ರದಲ್ಲಿದ್ದದ್ದು ಎರಡನೆಯದರಲ್ಲಿ ಎಲ್ಲಿ ಹೋಯಿತು?

ಒಂದು ಉದಾಹರಣೆಯನ್ನೇ ಹಿಡಿಯೋಣ. ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಉತ್ತರಾರ್ಧದಲ್ಲಿ ಈ ನಾಡಿನಲ್ಲಿ ‘ರೂಕ್ ರೈಫಲ್’ ಎಂಬ ಹಗುರವಾದ ಒಂಟಿ ನಳಿಗೆಯ ಕೋವಿ ಜನಪ್ರಿಯವಾಗಿತ್ತು. ರೂಕ್ ಎಂದರೆ ಇಲ್ಲಿನ ಹೊಲಗಳಲ್ಲಿ ಹಿಂಡುಹಿಂಡಾಗಿ ಇಳಿಯುವ, ಕೊಕ್ಕಿನ ಬುಡ ಬೋಳಾಗಿರುವ ಕಾಗೆ. ಮೇ ತಿಂಗಳಲ್ಲಿ ಗೂಡಿನಿಂದ ಕೊಂಬೆಗೆ ಬಂದು ಕೂರುವ ಅದರ ಮರಿಗಳನ್ನೂ ಬೇಲಿಯಂಚಿನ ಮೊಲಗಳನ್ನೂ ಹೊಡೆಯಲೆಂದೇ .300, .360 ಮುಂತಾದ ಸಣ್ಣ ಅಳತೆಯ ತೋಟಾಗಳಿಗೆ ಈ ಕೋವಿಗಳನ್ನು ಲಂಡನ್ ಮತ್ತು ಬರ್ಮಿಂಗ್‌ಹ್ಯಾಮಿನ ಕುಶಲಕರ್ಮಿಗಳು ತಯಾರಿಸಿದರು. ಅಗ್ಗದ .22 ತೋಟಾ ಎಲ್ಲೆಡೆ ದೊರೆಯತೊಡಗಿದಾಗ ಇವುಗಳ ಕಾಲ ಮುಗಿಯಿತು.

ಆಮೇಲೆ ನಡೆದದ್ದು ಗಮನಿಸಬೇಕಾದ ಸಂಗತಿ. 1920ರ ಬಂದೂಕು ಕಾಯಿದೆ ರೈಫಲ್‌ಗಳಿಗೆ ಪ್ರಮಾಣಪತ್ರವನ್ನು ಕಡ್ಡಾಯಗೊಳಿಸಿತು. ಒಳಮೈ ನುಣುಪಾಗಿರುವ ಚರೆಕೋವಿಗಳನ್ನು ಹೊರಗಿಟ್ಟಿತು. ಅನೇಕ ರೂಕ್ ರೈಫಲ್‌ಗಳ ನಳಿಗೆಯೊಳಗಿನ ಸುರುಳಿಗೀರುಗಳನ್ನು ಕೊರೆದು ತೆಗೆದು, ಅವನ್ನು .410 ಅಳತೆಯ ಚರೆಕೋವಿಗಳನ್ನಾಗಿ ಮಾಡಲಾಯಿತು. ಇನ್ನು ಕೆಲವಕ್ಕೆ ಒಳಕೊಳವೆ ತೂರಿಸಿ .22 ಆಗಿಸಿದರು. ಹೀಗಾಗಿ ಮೂಲ ಗೀರುಗಳೊಂದಿಗೆ ಉಳಿದು ಬಂದಿರುವ ಪ್ರತಿಯೊಂದು ರೂಕ್ ರೈಫಲ್ ಕೂಡ ಒಂದು ಗಂಡಾಂತರವನ್ನು ದಾಟಿ ಬಂದದ್ದು. ಅದಕ್ಕೆ ಈಗ ಎದುರಾಗಿರುವ ಎರಡನೆಯ ಗಂಡಾಂತರವೆಂದರೆ ಹವ್ಯಾಸಿಯ ಉಜ್ಜುಚಕ್ರ.

ಉಜ್ಜುಚಕ್ರ ಮಾಡುವ ಅನಾಹುತವೇನು? ಆ ಕಾಲದ ಕೋವಿಯ ಉಕ್ಕಿನ ಒಡಲನ್ನು ಮೂಳೆಯ ಇದ್ದಿಲಿನೊಡನೆ ಪೆಟ್ಟಿಗೆಯಲ್ಲಿಟ್ಟು, ಕೆಂಪಗೆ ಕಾಯಿಸಿ, ನೀರಿಗೆ ಅದ್ದುತ್ತಿದ್ದರು. ಹೊರಮೈ ಗಟ್ಟಿಯಾಗುವುದರ ಜೊತೆಗೆ ನೀಲಿ, ಕಂದು, ಹೊಗೆಬಣ್ಣಗಳು ಮೋಡದಂತೆ ಹರಡಿಕೊಳ್ಳುತ್ತಿದ್ದವು. ಆ ಬಣ್ಣದ ಪದರ ಅತ್ಯಂತ ತೆಳು. ಚಕ್ರಕ್ಕೆ ಒಡ್ಡಿದ ಕೆಲವೇ ಕ್ಷಣಗಳಲ್ಲಿ ಅದು ಹೋಗುತ್ತದೆ; ಮರಳಿ ತರಬೇಕೆಂದರೆ ಮತ್ತೆ ಕಾಯಿಸಬೇಕು, ಕಾಯಿಸಿದರೆ ಒಡಲು ಸೊಟ್ಟಗಾಗುವ ಭಯ. ಬಣ್ಣದ ಜೊತೆಗೇ ಕೆತ್ತನೆಯ ಅಂಚುಗಳು ಸವೆಯುತ್ತವೆ, ತಯಾರಕನ ಹೆಸರು ಮಸುಕಾಗುತ್ತದೆ, ಪರೀಕ್ಷಾಮುದ್ರೆಗಳು ಅಳಿಯುತ್ತವೆ. ಲಂಡನ್ನಿನಲ್ಲಿ 17ನೆಯ ಶತಮಾನದಿಂದಲೂ, ಬರ್ಮಿಂಗ್‌ಹ್ಯಾಮಿನಲ್ಲಿ 1813ರ ಶಾಸನದಿಂದಲೂ ನಳಿಗೆಗಳನ್ನು ಹೆಚ್ಚಿನ ಮದ್ದು ತುಂಬಿ ಹಾರಿಸಿ ಪರೀಕ್ಷಿಸಿ ಮುದ್ರೆ ಒತ್ತುವ ಪದ್ಧತಿಯಿದೆ. ಆ ಮುದ್ರೆಗಳೇ ಕೋವಿಯ ಜಾತಕ. ಕಪ್ಪುಮದ್ದಿಗಷ್ಟೇ ಪರೀಕ್ಷೆಯಾದದ್ದೇ, ಆಧುನಿಕ ಮದ್ದಿಗೂ ಆಗಿದೆಯೇ ಎಂಬುದನ್ನು ಹೇಳುವುದು ಅವೇ. ಅವನ್ನು ಉಜ್ಜಿ ಹಾಕಿದವನು ಅಂದವನ್ನಷ್ಟೇ ಕೆಡಿಸಲಿಲ್ಲ. ಮುಂದೆ ಅದನ್ನು ಹಿಡಿಯುವವನ ಕಣ್ಣು ಕೈಗಳನ್ನೂ ಅಪಾಯಕ್ಕೆ ತಳ್ಳಿದ.

ಮರದ ಹಿಡಿಯ ಪಾಡೂ ಇದೇ. ಆಕ್ರೋಟು ಮರವನ್ನು ಉಕ್ಕಿನ ಅಂಚಿಗೆ ಕೂದಲೆಳೆಯಷ್ಟೂ ಸಂದಿಲ್ಲದಂತೆ ಕೂರಿಸಿದ್ದು ಒಬ್ಬ ಕುಶಲಕರ್ಮಿಯ ಕೈ. ಉಪ್ಪುಕಾಗದದಿಂದ ಅದನ್ನು ತಿಕ್ಕಿದರೆ ಮರ ಉಕ್ಕಿಗಿಂತ ತಗ್ಗುತ್ತದೆ, ಹಿಡಿತಕ್ಕೆಂದು ಕೊರೆದ ಚೌಕುಳಿಗೆರೆಗಳು ಚಪ್ಪಟೆಯಾಗುತ್ತವೆ. ಅದರ ಮೇಲೆ ಗಾಜಿನಂತೆ ಹೊಳೆಯುವ ವಾರ್ನಿಷ್ ಬಳಿದು ‘ಹೊಸದರಂತಾಯಿತು’ ಎನ್ನುತ್ತಾರೆ. ಹೊಸದಾಗಿದ್ದಾಗಲೂ ಅದು ಹಾಗಿರಲಿಲ್ಲ. ಅಗಸೆ ಎಣ್ಣೆಯ ಮಂದ ಕಾಂತಿಯೇ ಅದರ ಸಹಜ ಮೆರುಗು.

ಇದಕ್ಕೆ ಬರುವ ಉತ್ತರಗಳನ್ನು ನಾವು ಬಲ್ಲೆವು. ‘ತುಕ್ಕನ್ನು ಹಾಗೆಯೇ ಬಿಟ್ಟರೆ ಕೋವಿಯೇ ಉಳಿಯದು’ ಎಂಬುದು ಮೊದಲನೆಯದು. ತುಕ್ಕನ್ನು ಬಿಡಿರೆಂದು ಹೇಳಿದವರು ಯಾರು? ಉಕ್ಕನ್ನು ತಿನ್ನುತ್ತಿರುವ ಕೆಂಪು ತುಕ್ಕು ಬೇರೆ, ಕಾಲಾಂತರದಲ್ಲಿ ನೆಲೆಗೊಂಡ ಕಂದು ಮೈ ಬೇರೆ. ಮೊದಲನೆಯದನ್ನು ಎಣ್ಣೆಯಲ್ಲಿ ನೆನೆಸಿ, ಅತಿ ನವಿರಾದ ಉಕ್ಕಿನ ನಾರಿನಿಂದ ತಾಳ್ಮೆಯಿಂದ ತೆಗೆಯಬಹುದು. ಎರಡನೆಯದು ಕೋವಿಯ ವಯಸ್ಸು, ಅದನ್ನು ಮುಟ್ಟಬಾರದು. ಮರದ ತಗ್ಗುಗಳನ್ನು ಒದ್ದೆ ಬಟ್ಟೆ ಮತ್ತು ಬಿಸಿ ಇಸ್ತ್ರಿಪೆಟ್ಟಿಗೆಯ ಹಬೆಯಿಂದಲೇ ಮೇಲೆತ್ತಬಹುದು. ಸ್ಕ್ರೂಗಳ ಕಿರಿದಾದ ಸೀಳಿಗೆ ಸರಿಹೊಂದುವಂತೆ ಅರೆದ ಸ್ಕ್ರೂಡ್ರೈವರ್ ಇಲ್ಲದೆ ಅವುಗಳ ಗೊಡವೆಗೇ ಹೋಗಬಾರದು. ಮಾಡಬಹುದಾದ ಕೆಲಸ ಬೇಕಾದಷ್ಟಿದೆ. ಅದು ಚಕ್ರದ ವೇಗದಲ್ಲಿ ಮುಗಿಯುವುದಿಲ್ಲ, ಅಷ್ಟೆ.

‘ನನ್ನ ದುಡ್ಡು, ನನ್ನ ಕೋವಿ, ನನ್ನಿಷ್ಟ’ ಎಂಬುದು ಎರಡನೆಯದು. ಆದರೆ ಈ ದೇಶದ ಕಾನೂನೇ ಆ ಮಾತನ್ನು ಪೂರ್ತಿ ಒಪ್ಪುವುದಿಲ್ಲ. 1968ರ ಬಂದೂಕು ಕಾಯಿದೆಯ 58ನೆಯ ಸೆಕ್ಷನ್, ಕುತೂಹಲದ ಅಥವಾ ಅಲಂಕಾರದ ವಸ್ತುವಾಗಿ ಇಟ್ಟುಕೊಂಡ ಪುರಾತನ ಬಂದೂಕಿಗೆ ವಿನಾಯಿತಿ ನೀಡುತ್ತದೆ. 2021ರ ನಿಯಮಗಳು 1939ರ ಸೆಪ್ಟೆಂಬರಿಗೆ ಮುಂಚೆ ತಯಾರಾಗಿರಬೇಕೆಂದೂ ಬಳಕೆ ತಪ್ಪಿದ ತೋಟಾಗಳ ಪಟ್ಟಿಗೆ ಹೊಂದಬೇಕೆಂದೂ ಗೆರೆ ಎಳೆದಿವೆ. ಮೂಲ ನಳಿಗೆಯನ್ನು ಬದಲಿಸಿ .22 ಮಾಡಿದವನು, ಹಾರಿಸುವ ಉದ್ದೇಶದಿಂದ ತೋಟಾ ಜೋಡಿಸಿದವನು ಆ ವಿನಾಯಿತಿಯನ್ನು ಕಳೆದುಕೊಳ್ಳುತ್ತಾನೆ; ಪ್ರಮಾಣಪತ್ರವಿಲ್ಲದಿದ್ದರೆ ಅದು ಗಂಭೀರ ಅಪರಾಧ. ಕಾನೂನು ಇಲ್ಲಿ ರಕ್ಷಿಸುತ್ತಿರುವುದು ಪುರಾತನವಾಗಿ ಉಳಿದಿರುವ ಕೋವಿಯನ್ನು, ನವೀಕರಣಗೊಂಡದ್ದನ್ನಲ್ಲ.

ಮೂರನೆಯ ಆಕ್ಷೇಪಣೆಯೇ ಬಲವಾದದ್ದು. ‘ಬಳಕೆಯಲ್ಲಿದ್ದಾಗಲೂ ಈ ಕೋವಿಗಳು ತಯಾರಕರ ಬಳಿಗೆ ಹಿಂದಿರುಗಿ ಮರುಬಣ್ಣ ಪಡೆಯುತ್ತಿದ್ದವಲ್ಲ? ನಾವು ಮಾಡಿದರೆ ಮಾತ್ರ ತಪ್ಪೇ?’ ನಿಜ, ಪಡೆಯುತ್ತಿದ್ದವು. ಆದರೆ ಅದು ದುಡಿಯುವ ಉಪಕರಣಕ್ಕೆ, ಅದೇ ಪದ್ಧತಿ ಬಲ್ಲವರು ಮಾಡಿದ ಆರೈಕೆ. ಆ ಆರೈಕೆಯ ಗುರುತೂ ಅದರ ಚರಿತ್ರೆಯ ಭಾಗವಾಯಿತು. ಇಂದು ಅದು ದುಡಿಮೆ ಮುಗಿಸಿದೆ. ಈಗ ಅದಕ್ಕಿರುವ ಏಕೈಕ ಕೆಲಸ ಸಾಕ್ಷಿ ನುಡಿಯುವುದು. ಸಾಕ್ಷಿಯ ನಾಲಗೆ ಕತ್ತರಿಸಿ ಮುಖಕ್ಕೆ ಬಣ್ಣ ಬಳಿದರೆ ಅದನ್ನು ಆರೈಕೆ ಎನ್ನಲಾಗದು. ಹಾರಿಸಲೇಬೇಕೆಂಬ ಇಚ್ಛೆಯುಳ್ಳವರು ಪ್ರಮಾಣಪತ್ರ ಪಡೆದು, ನುರಿತ ಕೋವಿಗಾರನ ಕೈಗೂ ಪರೀಕ್ಷಾಲಯಕ್ಕೂ ಒಪ್ಪಿಸಲಿ.

ಸಾಕ್ಷಿ ಎಂದೆವು. ಯಾವುದಕ್ಕೆ ಸಾಕ್ಷಿ? ಇಲ್ಲಿಯೇ ಭಾರತೀಯರಾದ ನಮಗೆ ವಿಶೇಷ ಹೊಣೆಯಿದೆ. 20ನೆಯ ಶತಮಾನದ ಆರಂಭದಲ್ಲಿ, .450 ಅಳತೆಯ ಗುಂಡುಗಳು ಮಾರ್ಟಿನಿ-ಹೆನ್ರಿ ಕೋವಿಗಳನ್ನು ಹೊಂದಿದ್ದ ಬಂಡುಕೋರರ ಕೈ ಸೇರಬಹುದೆಂದು ಅಂಜಿ, ಸರ್ಕಾರ ಆ ಅಳತೆಯನ್ನು ಭಾರತಕ್ಕೆ ತರದಂತೆ ತಡೆಯಿತು. ಆ ತಡೆಯ ಫಲವಾಗಿಯೇ .465, .470 ಮುಂತಾದ ಅಳತೆಗಳು ಹುಟ್ಟಿದವು. ನಳಿಗೆಯ ಮೇಲಿನ ಆ ಮೂರಂಕಿಗಳಲ್ಲಿ ಸಾಮ್ರಾಜ್ಯದ ಭಯ ಕೆತ್ತಿಕೊಂಡಿದೆ. 1878ರ ಆಯುಧ ಕಾಯಿದೆ ಭಾರತೀಯನಿಂದ ಪರವಾನಗಿ ಕೇಳಿ ಐರೋಪ್ಯನನ್ನು ಬಿಟ್ಟಿತ್ತೆಂಬುದನ್ನು ನೆನೆದರೆ, ಈ ಕೋವಿಗಳ ಚರಿತ್ರೆ ಹೆಮ್ಮೆಪಡುವಂಥದ್ದಲ್ಲ. ಅದಕ್ಕಾಗಿಯೇ ಅದನ್ನು ಅಳಿಸಬಾರದು. ಹೊಳೆಯುವ ಕೋವಿ ಬೇಟೆಯ ವೈಭವವನ್ನು ಮಾತ್ರ ಹೇಳುತ್ತದೆ. ಗಾಯಗೊಂಡ ಕೋವಿ ಉಳಿದದ್ದನ್ನೂ ಹೇಳುತ್ತದೆ.

‘ಕೋವಿಯ ಸಹವಾಸ ಕನ್ನಡಿಗರಿಗೇಕೆ’ ಎಂದು ಹುಬ್ಬೇರಿಸುವವರು ಕೊಡಗಿನತ್ತ ನೋಡಲಿ. ನಾಟಿಯ ದುಡಿಮೆ ಮುಗಿದ ಮೇಲೆ ಬರುವ ಕೈಲ್ ಪೊಳ್ದ್ ಹಬ್ಬದಂದು ಮನೆಯ ಕೋವಿಯನ್ನು ಶುಚಿಗೊಳಿಸಿ, ತೋಕ್ ಪೂವಿನಿಂದ ಅಲಂಕರಿಸಿ ಪೂಜಿಸುತ್ತಾರೆ. ಅಲ್ಲಿ ಸಾವಿನ ಸುದ್ದಿಯನ್ನು ಊರಿಗೆ ಸಾರುವುದೂ ಕೋವಿಯೇ. ಅಲ್ಲಿ ಶುಚಿಗೊಳಿಸುವುದೆಂದರೆ ಹೊಸದಾಗಿಸುವುದಲ್ಲ. ಅಜ್ಜನ ಕೈಯ ಸವೆತವಿರುವುದರಿಂದಲೇ ಅದು ಅಜ್ಜನ ಕೋವಿ. ಇದಕ್ಕೆ ವಿರುದ್ಧವಾದದ್ದನ್ನೂ ನಮ್ಮ ನಾಡಿನಲ್ಲೇ ಕಂಡಿದ್ದೇವೆ: ಜೀರ್ಣೋದ್ಧಾರದ ಹೆಸರಿನಲ್ಲಿ ಕಲ್ಲಿನ ಕಂಬಗಳಿಗೆ ಎಣ್ಣೆಬಣ್ಣ ಬಳಿದು, ಶಾಸನಗಳನ್ನು ಸುಣ್ಣದಡಿ ಹೂತ ದೇಗುಲಗಳನ್ನು. ಅದನ್ನು ಕಂಡು ಮರುಗುವ ನಾವು ಗ್ಯಾರೇಜಿನಲ್ಲಿ ಅದನ್ನೇ ಮಾಡಬಹುದೇ?

ಆದ್ದರಿಂದ ಬಳಗದ ಹವ್ಯಾಸಿ ಮಿತ್ರರಲ್ಲಿ ನಮ್ಮ ಒತ್ತಾಯವಿಷ್ಟು. ಸಾಧನ ಕೈಗೆತ್ತಿಕೊಳ್ಳುವ ಮೊದಲು ಕೋವಿ ಖಾಲಿಯಿದೆಯೆಂದು ಖಚಿತಪಡಿಸಿಕೊಳ್ಳಿ. ಪ್ರತಿಯೊಂದು ಮುದ್ರೆ, ಅಂಕಿ, ಗಾಯದ ಚಿತ್ರ ತೆಗೆಯಿರಿ. ಮಾಡಿದ ಕೆಲಸವನ್ನೆಲ್ಲ ಬರೆದಿಟ್ಟು, ಆ ಬರಹವನ್ನು ಕೋವಿಯೊಂದಿಗೇ ಮುಂದಿನವರಿಗೆ ದಾಟಿಸಿರಿ. ಹಿಂದಕ್ಕೆ ತರಲಾಗದ ಕೆಲಸವನ್ನು ಮಾಡಬೇಡಿರಿ. ನೂರಿಪ್ಪತ್ತು ವರ್ಷ ಬಾಳಿದ ವಸ್ತುವಿಗೆ ನಾವು ಒಡೆಯರಾಗಿರುವುದು ಇಪ್ಪತ್ತೋ ಮೂವತ್ತೋ ವರ್ಷ. ಉಳಿದ ವರ್ಷಗಳನ್ನು ಅಳಿಸುವ ಹಕ್ಕನ್ನು ಯಾವ ಹರಾಜಿನ ರಸೀತಿಯೂ ನಮಗೆ ಕೊಟ್ಟಿಲ್ಲ.