ಬಾವಲಿಯ ರಕ್ತವೂ ಅನುಮತಿಯ ಕಾಗದವೂ

ವಿಜ್ಞಾನಕ್ಕೆ ಗಡಿಯಿಲ್ಲ, ಅನುಮತಿ ಘೋಷಣೆಗಳೆಲ್ಲ ಗುಮಾಸ್ತರು ಹಾಕಿದ ಬೇಲಿ ಎಂಬ ಮಾತನ್ನು ವಿದ್ಯಾವಂತರ ಬಾಯಲ್ಲೇ ಹೆಚ್ಚಾಗಿ ಕೇಳುತ್ತೇನೆ. ನಾನಿದನ್ನು ಒಪ್ಪಲಾರೆ. ಹಾಗೆಂದು ಬೇಲಿ ಮುಟ್ಟಿದವರನ್ನೆಲ್ಲ ದೇಶದ್ರೋಹಿಗಳೆಂದು ಕೂಗುವವರ ಜೊತೆಯೂ ನಾನಿಲ್ಲ.

ಬೆಂಗಳೂರಿನ ಎನ್.ಸಿ.ಬಿ.ಎಸ್. ಸಂಸ್ಥೆಯ ಪ್ರಕರಣವನ್ನೇ ನೋಡಿ. ನಾಗಾಲ್ಯಾಂಡಿನ ಮಿಮಿ ಎಂಬ ಹಳ್ಳಿಯಲ್ಲಿ ಬಾವಲಿ ಬೇಟೆಯಾಡುವವರ ಮತ್ತು ಬಾವಲಿಗಳ ರಕ್ತದಲ್ಲಿ ಎಬೋಲಾ ಜಾತಿಯ ವೈರಾಣುಗಳ ಕುರುಹನ್ನು ಹುಡುಕಿದ ಅಧ್ಯಯನ ಅದು; 2019ರ ಅಕ್ಟೋಬರಿನಲ್ಲಿ ಪ್ರಕಟವಾಯಿತು. ಹಣದಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಸಂಸ್ಥೆಯೊಂದರ ಪಾಲಿತ್ತು. ಲೇಖಕರಲ್ಲಿ ಇಬ್ಬರು ವುಹಾನ್ ವೈರಾಣು ಸಂಸ್ಥೆಯವರು. 2020ರ ಫೆಬ್ರುವರಿಯಲ್ಲಿ, ಕೊರೋನಾ ಭಯ ಹಬ್ಬುತ್ತಿದ್ದಾಗ, ವಿದೇಶಿ ಸಹಯೋಗಕ್ಕೆ ಬೇಕಾದ ಅನುಮತಿ ಪಡೆಯಲಾಗಿತ್ತೇ ಎಂಬ ಬಗ್ಗೆ ಸರ್ಕಾರ ತನಿಖೆ ನಡೆಸುತ್ತಿರುವ ಸುದ್ದಿ ಹೊರಬಿತ್ತು. ಮಾದರಿಗಳನ್ನು ವುಹಾನಿಗೆ ಕಳುಹಿಸಿಲ್ಲವೆಂದು ಸಂಸ್ಥೆ ಸ್ಪಷ್ಟಪಡಿಸಿತು. ಆದರೆ ವದಂತಿಗೆ ಸ್ಪಷ್ಟೀಕರಣದ ಹಂಗೆಲ್ಲಿ? ಅಧ್ಯಯನಕ್ಕೂ ಕೊರೋನಾಕ್ಕೂ ಸಂಬಂಧವಿಲ್ಲದಿದ್ದರೂ ಎರಡಕ್ಕೂ ಗಂಟು ಬಿತ್ತು. (ನಮ್ಮ ನಂದಿಯ ಸುತ್ತಲ ದ್ರಾಕ್ಷಿ ತೋಟದವರು ಬಾವಲಿಯನ್ನು ಬೈಯುವುದು ಹಣ್ಣಿಗಾಗಿ ಮಾತ್ರ, ಆ ವರ್ಷ ಊರೆಲ್ಲ ಬೈಯಿತು.)

ವಿದೇಶಿಯರ ಜೊತೆ ಕೆಲಸ ಮಾಡುವುದೇ ಪಾಪವೆನ್ನುವವರು ಗೌರಿಬಿದನೂರಿಗೆ ಹೋಗಿಬರಲಿ. 1965ರಲ್ಲಿ ಬ್ರಿಟಿಷ್ ಅಣುಶಕ್ತಿ ಪ್ರಾಧಿಕಾರದ ಸಹಕಾರದಿಂದಲೇ ಅಲ್ಲಿ ಭೂಕಂಪ ಮಾಪನ ಕೇಂದ್ರ ಸ್ಥಾಪನೆಯಾಯಿತು. ಭೂಗರ್ಭದ ಅಣುಸ್ಫೋಟಗಳನ್ನು ಗುರುತಿಸುವಷ್ಟು ಸೂಕ್ಷ್ಮವಾದ ಕೆಲಸ. ಆದರೂ ಯಾರು ಯಾರೊಡನೆ ಸೇರಿದ್ದಾರೆಂಬುದು ಗುಟ್ಟಾಗಿರಲಿಲ್ಲ.

ಶಂಕೆಯನ್ನೇ ಸಾಕ್ಷ್ಯವೆಂದು ಬಗೆದರೆ ಏನಾಗುತ್ತದೆಂಬುದನ್ನು 1994ರ ಇಸ್ರೋ ಗೂಢಚಾರಿಕೆ ಪ್ರಕರಣ ತೋರಿಸಿದೆ. 1996ರಲ್ಲಿ ಸಿ.ಬಿ.ಐ. ಆರೋಪ ಸುಳ್ಳೆಂದಿತು, ನಂಬಿ ನಾರಾಯಣನ್ ಅವರಿಗೆ 50 ಲಕ್ಷ ರೂಪಾಯಿ ಪರಿಹಾರವನ್ನು ಸುಪ್ರೀಂ ಕೋರ್ಟ್ ಕೊಡಿಸಿದ್ದು 2018ರಲ್ಲಿ. ಅಷ್ಟರಲ್ಲಿ ಅವರ ವೃತ್ತಿಜೀವನ ಮುಗಿದಿತ್ತು.

ಆದ್ದರಿಂದಲೇ ಹಣ ಯಾರದು, ಪಾಲುದಾರರು ಯಾರು, ಮಾದರಿ ಎಲ್ಲಿರುತ್ತದೆ ಎಂಬುದನ್ನು ಸೂಜಿ ಚುಚ್ಚುವ ಮೊದಲೇ ಬರೆದಿಡಬೇಕೆನ್ನುತ್ತೇನೆ. ನಾಳೆ ಸುಳ್ಳು ಆರೋಪ ಬಂದರೆ ಸಂಶೋಧಕನ ಕೈಯಲ್ಲಿ ಉಳಿಯುವುದು ಆ ಕಾಗದವೊಂದೇ. ಬೇಲಿಯೆಂದು ಮೂಗು ಮುರಿಯುವವರು ರಕ್ತ ಕೊಟ್ಟ ಹಳ್ಳಿಯವನ ಮುಂದೆ ನಿಂತು ಆ ಮಾತನ್ನಾಡಲಿ. ಸರ್ಕಾರವೂ ಅಷ್ಟೇ: ಇಂಥ ತನಿಖೆಗಳ ವರದಿಯನ್ನು ಕಪಾಟಿನಲ್ಲಿಡದೆ ಪೂರ್ತಿಯಾಗಿ ಪ್ರಕಟಿಸಬೇಕು; ಮಿಮಿಯ ಜನಕ್ಕೆ ಅವರ ನುಡಿಯಲ್ಲೇ ಓದಿ ಹೇಳಿಸಬೇಕು.